ಜೈಲಿನಲ್ಲಿರುವ ನಿಮ್ಮವರಿಗೆ ಔಷಧಿ, ಚಿಕಿತ್ಸೆ ಸಿಗಬೇಕಾದರೆ

ಮುಂಬೈ, ಪುಣೆಗೆ ಹೋಟೆಲ್ ಕೆಲಸಕ್ಕೋ ಗಾರೆ ಕೆಲಸಕ್ಕೋ ಬಂದ ನಮ್ಮ ಜನರಲ್ಲಿ ಯಾರಾದರೂ ಕೇಸಿನಲ್ಲಿ ಸಿಕ್ಕಿಕೊಂಡರೆ ಮನೆಯವರು ವಕೀಲರು, ಜಾಮೀನು ಅಂತ ಓಡಾಡುತ್ತಾರೆ. ಒಳಗಿರುವವರ ಶುಗರ್ ಮಾತ್ರೆ ಯಾರಿಗೂ ನೆನಪಾಗುವುದಿಲ್ಲ. ಆರ್ಥರ್ ರೋಡ್, ಯೆರವಡಾ ಜೈಲುಗಳಲ್ಲಿ ವರ್ಷಗಳಿಂದ ಜಾಗಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜನ. ಅಂಥ ಬ್ಯಾರಕ್‌ನಲ್ಲಿ ಕಜ್ಜಿ, ಟಿಬಿ ಬೇಗ ಹರಡುತ್ತವೆ, ಡಾಕ್ಟರ ಹತ್ತಿರ ಸರದಿ ಮಾತ್ರ ಬೇಗ ಬರುವುದಿಲ್ಲ. ಚಿಕಿತ್ಸೆ ಜೈಲಿನವರು ಮಾಡುವ ಉಪಕಾರ ಅಲ್ಲ. ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಕೈದಿಗೂ ಇದೆ.

ಮೊದಲು ಹಳೆ ಚೀಟಿ, ಡಿಸ್ಚಾರ್ಜ್ ಕಾರ್ಡ್, ರಿಪೋರ್ಟುಗಳ ಜೆರಾಕ್ಸ್ ಮಾಡಿಸಿ. ಮುಲಾಖಾತ್‌ನಲ್ಲಿ (ಜೈಲಿನ ಭೇಟಿಯಲ್ಲಿ) ಸುಮ್ನೆ "ಹೇಗಿದ್ದೀಯಾ" ಅಂದರೆ "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತಾರೆ, ಮನೆಯವರು ಅಳಬಾರದು ಅಲ್ವಾ. ಬಿಡಿಸಿ ಕೇಳಿ: ಡಾಕ್ಟರಿಗೆ ಯಾವತ್ತು ಹೇಳಿದೆ, ಯಾವ ಮಾತ್ರೆ ಕೊಟ್ಟರು, ಯಾವುದು ನಿಂತಿದೆ. ಹೊರಗೆ ಬಂದ ತಕ್ಷಣ ತಾರೀಖು ಸಮೇತ ಬರೆದಿಡಿ.

ಆಮೇಲೆ ಜೈಲು ಸೂಪರಿಂಟೆಂಡೆಂಟರಿಗೆ ಮರಾಠಿಯಲ್ಲಿ ಅರ್ಜಿ. ಹೆಸರು, ಕೈದಿ ನಂಬರ್, ಕೇಸ್ ನಂಬರ್, ಕಾಯಿಲೆ, ನಿಂತುಹೋದ ಔಷಧಿ, ಇಷ್ಟಿದ್ದರೆ ಸಾಕು. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಆವಕ ಸಿಕ್ಕಾ (ಅರ್ಜಿ ತಲುಪಿದೆ ಎಂಬ ಮುದ್ರೆ) ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ಬಾಯಲ್ಲಿ ಹೇಳಿದ್ದಕ್ಕೆ ಅಲ್ಲಿ ಯಾವ ಬೆಲೆಯೂ ಇಲ್ಲ. ಅರ್ಜಿ ತೆಗೆದುಕೊಳ್ಳದಿದ್ದರೆ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಅದಕ್ಕೂ ಜಗ್ಗದಿದ್ದರೆ ಅದೇ ಪ್ರತಿ ಹಿಡಿದು ಕೋರ್ಟಿಗೆ ಹೋಗಿ. ಜೈಲು ಡಾಕ್ಟರ ರಿಪೋರ್ಟ್ ತರಿಸಬೇಕು, ಮುಂಬೈನ ಜೆ.ಜೆ. ಅಥವಾ ಪುಣೆಯ ಸಸೂನ್ ಸರ್ಕಾರಿ ಆಸ್ಪತ್ರೆಗೆ ಕಳಿಸಬೇಕು ಅಂತ ವಕೀಲರಿಂದ ಅರ್ಜಿ ಹಾಕಿಸಿ. "ಎಸ್ಕಾರ್ಟ್‌ಗೆ ಪೊಲೀಸರಿಲ್ಲ" ಎಂದು ಆಸ್ಪತ್ರೆಗೆ ಕಳಿಸದೇ ಇದ್ದರೆ ಆ ತಾರೀಖುಗಳನ್ನೂ ಬರೆಸಿ. ವಕೀಲರಿಗೆ ಕೊಡಲು ದುಡ್ಡಿಲ್ಲವಾ? ಕಸ್ಟಡಿಯಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಲೇಬೇಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಜಾಮೀನು ಕೇಳುವಾಗಲೂ ಈ ಕಾಗದಗಳು ಬೇಕು. ಕಾಯಿಲೆಯವರಿಗೆ, ನಿಶ್ಶಕ್ತರಿಗೆ ಜಾಮೀನು ಕೊಡಬಹುದು ಎಂದು ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 480ನೇ ಸೆಕ್ಷನ್ ಹೇಳುತ್ತದೆ. 479ನ್ನೂ ವಕೀಲರಿಗೆ ನೆನಪಿಸಿ: ಹಿಂದೆ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಈ ಕಾನೂನು ಬರುವ ಮೊದಲಿನ ಹಳೆ ಕೇಸುಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲಿ ಹೇಳಿದೆ. ಗಲ್ಲು, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದಿಲ್ಲ, ಬೇರೆ ಕೇಸುಗಳೂ ಬಾಕಿ ಇದ್ದರೆ ಕಷ್ಟ.

ಎದೆನೋವು, ಫಿಟ್ಸ್, ಉಸಿರಾಟದ ತೊಂದರೆ ಅಂದರೆ ಒಂದೊಂದಾಗಿ ಮಾಡುತ್ತಾ ಕೂರಬೇಡಿ. ಜೈಲಿಗೆ ಅರ್ಜಿ ಕೊಟ್ಟ ದಿನವೇ ಕೋರ್ಟಿನಲ್ಲೂ ತುರ್ತು ಅರ್ಜಿ ಹಾಕಿಸಿ.