ಮೊದಲು ಎಮ್ಮೆ ದಾಟಲಿ: ಹೊಳೆ ದಂಡೆಯ ಮನೆಗಳಿಗೆ ಪ್ರವಾಹದ ತಯಾರಿ

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಪ್ರವಾಹ ಹೆಚ್ಚಿನ ಸಲ ಹೇಳಿಯೇ ಬರುತ್ತದೆ. ಮಳೆ ಬೀಳುವುದು ಮಹಾಬಳೇಶ್ವರ, ಕೊಯ್ನಾ, ರಾಧಾನಗರಿ, ಖಾನಾಪುರದ ಕಾಡಿನಲ್ಲಿ. ಆ ನೀರು ಅಥಣಿ, ಜಮಖಂಡಿ ಮುಟ್ಟುವಷ್ಟರಲ್ಲಿ ಒಂದೆರಡು ದಿನವೇ ಕಳೆದಿರುತ್ತದೆ. ಊರಿನಲ್ಲಿ ಚುರುಗುಟ್ಟುವ ಬಿಸಿಲು, ಕೆಳಗೆ ಹೊಳೆ ಮಾತ್ರ ಏರುತ್ತಲೇ ಇರುವುದನ್ನು ದಂಡೆಯವರೆಲ್ಲ ಕಂಡಿದ್ದಾರೆ. 2019ರಲ್ಲಿ ನಾಗರ ಪಂಚಮಿಯ ಉಂಡಿ ಕಟ್ಟುವ ವಾರದಲ್ಲೇ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಬಂದವು. 2021ರ ಜುಲೈನಲ್ಲಿ ಮತ್ತೆ ಬಂತು.

ಹೇಳಿ ಬಂದರೂ ಜನ ಕೊನೇ ಗಳಿಗೆವರೆಗೆ ಯಾಕೆ ಏಳುವುದಿಲ್ಲ? ಯಾವ ಊರಲ್ಲಿ ಕೇಳಿದರೂ ಉತ್ತರ ಒಂದೇ: ‘ದನಾ ಬಿಟ್ಟು ಎಲ್ಲಿಗಿ ಹೋಗೂಣ್ರೀ?’ ಹಾಗಾಗಿ ಪ್ರವಾಹದ ತಯಾರಿ ಟಾರ್ಚು, ಬಿಸ್ಕತ್ತಿನಿಂದ ಶುರುವಾಗಬಾರದು. ದನದ ಕೊಟ್ಟಿಗೆಯಿಂದ ಶುರುವಾಗಬೇಕು. ಅದಕ್ಕೂ ಮುಂಚೆ ಒಂದು ಲೆಕ್ಕ ಗೊತ್ತಿರಬೇಕು.

1. ನಿಮ್ಮೂರಿಗೆ ಬರುವ ನೀರು ಯಾವುದು?

ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ಭಾಗದವರು ಕೊಯ್ನಾ ಡ್ಯಾಮಿನ ಸುದ್ದಿಯೊಂದನ್ನೇ ನೆಚ್ಚಿ ಕೂರಬಾರದು. ನರಸೋಬವಾಡಿಯಲ್ಲಿ ಪಂಚಗಂಗಾ ಕೃಷ್ಣೆಯನ್ನು ಕೂಡುತ್ತದೆ. ಪಂಚಗಂಗೆಗೆ ನೀರು ಬಿಡುವ ರಾಧಾನಗರಿ ಜಲಾಶಯದ ಗೇಟುಗಳು ತುಂಬಿದ ಕೂಡಲೇ ತಾವಾಗಿಯೇ ತೆರೆದುಕೊಳ್ಳುವಂಥವು. ಇದೆಲ್ಲ ಸೇರಿ ರಾಜಾಪುರ ಬಾಂದಾರ (ಹೊಳೆಗೆ ಅಡ್ಡ ಕಟ್ಟಿದ ಒಡ್ಡು) ದಾಟಿ ಬರುತ್ತದೆ, ಕಲ್ಲೋಳದ ಹತ್ತಿರ ದೂಧಗಂಗಾ ಜೊತೆಯಾಗುತ್ತದೆ. ರಾಜಾಪುರದಿಂದ ಬಿಟ್ಟದ್ದು, ದೂಧಗಂಗೆಯಿಂದ ಬಂದದ್ದು, ಇವೆರಡನ್ನೂ ಕೂಡಿಸಿದರೆ ನಿಮ್ಮ ಪಾಲಿನ ನೀರು ಸಿಕ್ಕಿತು.

ಗೋಕಾಕ, ಮುಧೋಳದವರಿಗೆ ಘಟಪ್ರಭೆಯ ಹಿಡಕಲ್ ಡ್ಯಾಮು. ಆದರೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಹಿಡಕಲ್‌ಗಿಂತ ಕೆಳಗೆ ಸೇರುವುದರಿಂದ ಗೇಟು ತೆಗೆಯದಿದ್ದರೂ ಗೋಕಾಕದಲ್ಲಿ ನೀರು ಏರಬಹುದು; ಇಲ್ಲಿ ಸಿಗುವ ಸಮಯವೂ ಗಂಟೆಗಳ ಲೆಕ್ಕದ್ದು. ರಾಮದುರ್ಗ, ಬಾದಾಮಿಯವರು ಮಲಪ್ರಭೆಯ ನವಿಲುತೀರ್ಥ ಡ್ಯಾಮಿನ ಸುದ್ದಿ ಕೇಳಬೇಕು, ಬಾದಾಮಿ ಕಡೆಯವರು ಬೆಣ್ಣಿಹಳ್ಳದ್ದನ್ನೂ ಕೇಳಬೇಕು. ಇಂಡಿ, ಚಡಚಣ, ಆಲಮೇಲ ಭಾಗದ ಭೀಮಾ ದಂಡೆಗೆ ಉಜನಿ, ವೀರ್ ಜಲಾಶಯಗಳ ನೀರು, ಸೀನಾ ನದಿಯ ನೀರು ಬರುತ್ತವೆ. ಶ್ರಾವಣ ದಾಟಿತು ಎಂದು ಅಲ್ಲಿ ಮೈಮರೆಯುವ ಹಾಗಿಲ್ಲ. 2020ರಲ್ಲಿ ಭೀಮೆ ಉಕ್ಕಿದ್ದು ಅಕ್ಟೋಬರಿನ ಚಿತ್ತಿ ಮಳೆಗೆ. ಡೋಣಿ ನದಿಯದು ಬೇರೆಯೇ ಸ್ವಭಾವ. ಹೂಳು ತುಂಬಿ ಪಾತ್ರದ ಆಳ ಕಡಿಮೆಯಾಗಿರುವುದರಿಂದ ರಾತ್ರಿ ಜೋರು ಮಳೆಯಾದರೆ ಬೆಳಗಾಗುವುದರೊಳಗೆ ಹೊಲದಲ್ಲಿ ಹರಿಯುತ್ತಿರುತ್ತದೆ. ತಾಳಿಕೋಟೆ ಕಡೆಯವರು ಡ್ಯಾಮಿನ ಸುದ್ದಿಗೆ ಕಾಯದೆ ಮುಗಿಲು ನೋಡುವುದೇ ಸರಿ.

ಇನ್ನು ಟಿವಿಯವರು ಕೂಗುವ ‘ಲಕ್ಷ ಕ್ಯುಸೆಕ್’. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಹಿಡಕಲ್‌ನ ಪೂರ್ಣ ಸಾಮರ್ಥ್ಯವೇ 51 ಟಿಎಂಸಿ ಎಂದಾಗ ಆ ಅಂಕಿಯ ಗಾತ್ರ ತಿಳಿಯುತ್ತದೆ. ಆದರೂ ಬರೀ ಅಂಕಿಯಿಂದ ನಿಮಗೆ ಉಪಯೋಗವಿಲ್ಲ. ಎಷ್ಟು ಕ್ಯುಸೆಕ್ ಬಂದಾಗ ನಮ್ಮೂರಿನ ಬಾಂದಾರ ಮುಳುಗಿತ್ತು, ಎಷ್ಟಕ್ಕೆ ಹಣಮಪ್ಪನ ಗುಡಿ ಕಟ್ಟೆ ಮುಟ್ಟಿತ್ತು ಎಂದು ಕ್ಯಾಲೆಂಡರಿನ ಹಿಂಬದಿ ಬರೆದಿಟ್ಟುಕೊಂಡ ಮನೆಗೆ ಮಾತ್ರ ಆ ಸುದ್ದಿ ಸುದ್ದಿಯಾಗುತ್ತದೆ.

ಫೋನಿನಲ್ಲಿ ಇವು ಇರಲಿ: ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತಿಗೆ 112, ಆಂಬುಲೆನ್ಸಿಗೆ 108, ಕರೆಂಟಿನ ದೂರಿಗೆ 1912, ಮಳೆಯ ಮುನ್ಸೂಚನೆಗೆ ವರುಣಮಿತ್ರ 92433 45433. ‘ಡ್ಯಾಂ ಒಡೀತಂತ’ ಎನ್ನುವ ವಾಟ್ಸಾಪ್ ಧ್ವನಿ ಸಂದೇಶ ಪ್ರತಿ ಮಳೆಗಾಲಕ್ಕೂ ಬರುತ್ತದೆ. ಮುಂದೆ ಕಳಿಸುವ ಮೊದಲು 1077ಕ್ಕೆ ಒಂದು ಫೋನು ಮಾಡಿ.

2. ಹೊಸ್ತಿಲನ್ನಲ್ಲ, ರಸ್ತೆಯನ್ನು ಅಳೆಯಿರಿ

ಎಲ್ಲರೂ ನೋಡುವುದು ನೀರು ಮನೆಯೊಳಗೆ ಬರುತ್ತದೋ ಇಲ್ಲವೋ ಎಂದು. ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಊರಿನಿಂದ ಹೊರಬೀಳುವ ದಾರಿಯಲ್ಲಿ ಎಲ್ಲೋ ಒಂದು ತಗ್ಗಿರುತ್ತದೆ, ಹಳ್ಳದ ಸೇತುವೆಯೋ ಕಬ್ಬಿನ ಗದ್ದೆ ಬದಿಯ ತಿರುವೋ. ಮನೆಗೆ ನೀರು ಬರುವ ಎಷ್ಟೋ ಹೊತ್ತಿನ ಮೊದಲೇ ಅದು ಮುಳುಗಿ ಊರು ನಡುಗಡ್ಡೆಯಾಗುತ್ತದೆ.

ಜೂನ್ ತಿಂಗಳ ಒಂದು ಸಂಜೆ ಮನೆಮಂದಿಯೆಲ್ಲ ಕೂತು ಎರಡು ಗುರುತು ಗೊತ್ತು ಮಾಡಿ. ಉದಾಹರಣೆಗೆ, ಬಾಂದಾರ ಮುಳುಗಿತೆಂದರೆ ದನ ಹೊರಡಬೇಕು. ತಗ್ಗಿನ ಸೇತುವೆಗೆ ಇನ್ನೆರಡು ಅಡಿ ಬಾಕಿ ಇರುವಾಗ ಬಾಣಂತಿಯರು, ಮಕ್ಕಳು, ವಯಸ್ಸಾದವರು ಹೊರಡಬೇಕು. ‘2019ರಾಗ ಇಷ್ಟ ಬಂದಿತ್ತು, ಅದಕ್ಕಿಂತ ಹೆಚ್ಚ ಬರೂದಿಲ್ಲ’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರ ನೆನಪಿಗೆ ಬೆಲೆ ಕೊಡಿ, ನೀರಿನ ಗೆರೆಯನ್ನು ಗೋಡೆಗೆ ಬಣ್ಣದಲ್ಲಿ ಎಳೆಸಿ. ಆದರೆ ಅದನ್ನು ಗರಿಷ್ಠ ಮಿತಿ ಎಂದು ನಂಬಬೇಡಿ.

3. ದನಕ್ಕೆ ಬೀಗರ ಮನೆ

ರಕ್ಷಣೆಯ ದೋಣಿ ಮನುಷ್ಯರನ್ನು ಹತ್ತಿಸಿಕೊಳ್ಳುತ್ತದೆ, ಮುರ್ರಾ ಎಮ್ಮೆಯನ್ನಲ್ಲ. ಶಾಲೆಯಲ್ಲಿ ತೆರೆಯುವ ಕಾಳಜಿ ಕೇಂದ್ರದ ಅಂಗಳದಲ್ಲಿ ಎಲ್ಲರ ದನಕ್ಕೂ ಜಾಗ ಸಾಲುವುದಿಲ್ಲ. ಆದ್ದರಿಂದ ಎತ್ತರದ ಹೊಲವಿರುವ ಬೀಗರ ಜೊತೆಗೋ ಗೆಳೆಯರ ಜೊತೆಗೋ ಮುಂಗಾರಿಗೆ ಮುಂಚೆಯೇ ಮಾತಾಡಿಕೊಳ್ಳಿ. ಎಷ್ಟು ದನ, ಎಲ್ಲಿ ಕಟ್ಟುವುದು, ನೀರಿಗೆ ಏನು, ಹಾಲು ಯಾರು ಕರೆಯುವುದು. ಬರಿಗೈಲಿ ಕೇಳಬೇಡಿ, ಒಂದು ದೊಡ್ಡ ದನಕ್ಕೆ ದಿನಕ್ಕೆ ಏಳೆಂಟು ಕಿಲೊ ಒಣ ಮೇವು ಬೇಕು. ನಾಲ್ಕು ದನಕ್ಕೆ ಹತ್ತು ದಿನ ಎಂದರೆ ಮೂರು ಕ್ವಿಂಟಲ್ ಕಣಕಿ (ಜೋಳದ ಒಣ ದಂಟು). ಅಷ್ಟನ್ನು ಮೇ ತಿಂಗಳಲ್ಲೇ ಅವರ ಬಣವೆಯ ಪಕ್ಕಕ್ಕೆ ಒಟ್ಟಿ ಬಂದರೆ ಆಗಸ್ಟಿನಲ್ಲಿ ಯಾರ ಮುಖವೂ ಸಣ್ಣದಾಗುವುದಿಲ್ಲ.

ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಹಾಕಿಸಿ. ಕಿವಿಯ ಓಲೆ ಇದ್ದರೆ ನಂಬರು ಬರೆದಿಟ್ಟು ಪ್ರತಿ ದನದ ಫೋಟೊ ತೆಗೆದಿಡಿ. ದನ ಸಾಗಿಸಲು ಸಾಧ್ಯವೇ ಆಗದೆ ನೀವು ಹೊರಡಬೇಕಾಗಿ ಬಂದರೆ ಕೊರಳ ಹಗ್ಗ ಬಿಚ್ಚಿ ಕೊಟ್ಟಿಗೆಯ ಬಾಗಿಲು ತೆಗೆದಿಡಿ. ಎಮ್ಮೆ ಚೆನ್ನಾಗಿ ಈಜುತ್ತದೆ. ಗೂಟಕ್ಕೆ ಕಟ್ಟಿದ ಎಮ್ಮೆ ಈಜಲಾರದು.

4. ಗಂಟು

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಚುರುಮುರಿ, ಬೆಲ್ಲ: ನಮ್ಮ ಅಡುಗೆಮನೆಗೆ ತುರ್ತು ಆಹಾರದ ಪೊಟ್ಟಣ ಹೊರಗಿನಿಂದ ಬರಬೇಕಾಗಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಎರಡು ವಾರಕ್ಕಾಗುವಷ್ಟು, ಟಾರ್ಚು, ಚಾರ್ಜಿದ್ದ ಪವರ್ ಬ್ಯಾಂಕು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಹೊಲದ ಉತಾರ (ಪಹಣಿ), ಮಕ್ಕಳ ಮಾರ್ಕ್ಸ್ ಕಾರ್ಡು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ.

ಮನೆಯ ಉತಾರ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದ್ದರೆ ಈ ಬೇಸಿಗೆಯಲ್ಲೇ ಪಂಚಾಯ್ತಿಗೆ ಹೋಗಿ. ಮನೆ ಬಿದ್ದ ಮೇಲೆ ಪರಿಹಾರ ಯಾವ ತಮ್ಮನಿಗೆ ಎಂಬ ಜಗಳ ಹೊಳೆಗಿಂತ ಹೆಚ್ಚು ದಿನ ನಿಲ್ಲುತ್ತದೆ.

5. ಮಣ್ಣಿನ ಮಾಳಿಗೆ

ನದಿಯಿಂದ ಹತ್ತು ಮೈಲಿ ದೂರವಿರುವವರಿಗೂ ಇದು ಅನ್ವಯ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಹಸ್ತ ಮಳೆ ಊರ ಮೇಲೆಯೇ ಸುರಿದು ಗೋಡೆಗಳನ್ನು ಕೆಡವಿತ್ತು. ಮಾಳಿಗೆ ಸೋರಿದಾಗಲೆಲ್ಲ ಮೇಲೊಂದು ಪದರ ಮಣ್ಣು ಹಾಕುವುದು ನಮ್ಮ ರೂಢಿ, ಹಳೆಯದನ್ನು ಕೆರೆದು ತೆಗೆಯುವವರು ಕಡಿಮೆ. ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಒಂದಡಿ ದಪ್ಪ ಹಸಿ ಮಣ್ಣು ಕೂತರೆ ಅದರ ಭಾರ ಸುಮಾರು ಐದು ಟನ್. ಗೆದ್ದಲು ತಿಂದ ತೊಲೆ ಹೊತ್ತಿರುವುದು ಅದನ್ನು.

ಬೇಸಿಗೆಯಲ್ಲಿ ಹಳೇ ಪದರ ತೆಗೆಸಿ, ನೀರು ಹರಿದುಹೋಗುವ ದೋಣಿಗಳನ್ನು ಬಿಡಿಸಿ, ತೊಲೆಯ ತುದಿ ಗೋಡೆಯೊಳಗೆ ಸೇರುವಲ್ಲಿ ಸಲಾಕೆಯಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಕಂಬ ಕೊಡಿ. ಜಡಿಮಳೆ ಹಿಡಿದಾಗ ತೊಲೆ ಕಿರ್ ಎಂದರೆ, ಗೋಡೆಯಲ್ಲಿ ಹೊಸ ಬಿರುಕು ಕಂಡರೆ, ಜಂತಿಯ ಸಂದಿನಿಂದ ಮಣ್ಣು ಉದುರಿದರೆ ಆ ರಾತ್ರಿ ಅಲ್ಲಿ ಯಾರೂ ಮಲಗಬಾರದು. ಮಳೆ ನಿಂತು ಬಿಸಿಲು ಬಿದ್ದ ಮೇಲೂ ಕೆಲವು ದಿನ ಎಚ್ಚರ ಬೇಕು. ನೆನೆದ ಗೋಡೆ ಒಣಗುವಾಗಲೂ ಕುಸಿಯುತ್ತದೆ.

6. ಮೋಟಾರು

ನೀರು ಏರುವಾಗ ದಂಡೆಯ ಪಂಪ್‌ಸೆಟ್ಟು ಬಿಚ್ಚಿ ತರಲು ಇಳಿದು ಕೊಚ್ಚಿಹೋದವರ, ಸ್ಟಾರ್ಟರ್ ಮುಟ್ಟಿ ಶಾಕ್ ತಗುಲಿದವರ ಸುದ್ದಿ ಮಳೆಗಾಲದಲ್ಲಿ ಓದುತ್ತಲೇ ಇರುತ್ತೇವೆ. ಕೃಷ್ಣಾ ಕಣಿವೆಯಲ್ಲಿ ಜೋರು ಮಳೆ ಎಂಬ ಮೊದಲ ಸುದ್ದಿಗೇ ಮೋಟಾರು, ಕೇಬಲ್ಲು, ಸ್ಟಾರ್ಟರ್ ಮೇಲೆ ತನ್ನಿ. ಪೈಪು ಹೋದರೆ ಹೋಗಲಿ. ದಂಡೆ ಮೆತ್ತಗಾದ ಮೇಲೆ ಅತ್ತ ಕಾಲಿಡಬೇಡಿ. ಮುಳುಗಿದ ಬಾಂದಾರದ ಮೇಲೆ ಬೈಕು ದಾಟಿಸುವ ಹುಡುಗರಿಗೂ ಇದೇ ಮಾತು: ಮೊಣಕಾಲುದ್ದದ ಹರಿಯುವ ನೀರು ಗಟ್ಟಿ ಆಳನ್ನೂ ಕೆಡವುತ್ತದೆ.

7. ತಿರುಗಿ ಬಂದಾಗ

ಒಳಗೆ ಹೋಗುವ ಮುಂಚೆ ಹೊರಗಿನಿಂದ ಗೋಡೆ ನೋಡಿ. ಮೇನ್ ಸ್ವಿಚ್ ಬಂದ್ ಇರಲಿ, ವೈರಿಂಗ್ ಒಣಗಿ ತಿಳಿದವರು ನೋಡುವವರೆಗೆ ಹಾಕಬೇಡಿ. ಕಟ್ಟಿಗೆ ಒಟ್ಟಿದ ಕಡೆ, ಕೌದಿ ಮಡಿಕೆಯಲ್ಲಿ ಹಾವು ಸೇರಿರುತ್ತದೆ, ಕೋಲಿನಿಂದ ತಟ್ಟಿ ತೆಗೆಯಿರಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ, ಮಂತ್ರದವರ ಮನೆಯೂ ಬೇಡ. 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಹೋಗಿ. ಮುಳುಗಿದ ಬಾವಿ, ಬೋರಿನ ನೀರನ್ನು ಕ್ಲೋರಿನ್ ಹಾಕಿಸುವವರೆಗೆ ಕುಡಿಯಬೇಡಿ, ಆಮೇಲೂ ಕುದಿಸಿಯೇ ಕುಡಿಯಿರಿ.

ಕಸ ಬಳಿಯುವ ಮೊದಲು ಪ್ರತಿ ಕೋಣೆಯ, ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಮನೆ ಎಷ್ಟು ಹಾಳಾಗಿದೆ ಎಂದು ಎ, ಬಿ, ಸಿ ವರ್ಗ ಮಾಡಿ 2019ರಲ್ಲಿ ಪರಿಹಾರ ಕೊಟ್ಟರು. ನೀವು ಗೋಡೆ ಸಾರಿಸಿ ಚಂದ ಮಾಡಿಟ್ಟ ಮೇಲೆ ಸರ್ವೆಗೆ ಬಂದವರಿಗೆ ಕಾಣುವುದು ಬರೀ ಸಾರಿಸಿದ ಗೋಡೆ. ಬೆಳೆ ವಿಮೆ ಮಾಡಿಸಿದ್ದರೆ ನಷ್ಟವಾದ 72 ಗಂಟೆಯೊಳಗೆ ವಿಮಾ ಕಂಪನಿಗೋ ಕೃಷಿ ಇಲಾಖೆಗೋ ಬ್ಯಾಂಕಿಗೋ ತಿಳಿಸಬೇಕು. ಸರ್ಕಾರದ ಬೆಳೆ ಪರಿಹಾರಕ್ಕೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ತಲಾಟಿಯವರು (ಗ್ರಾಮ ಆಡಳಿತ ಅಧಿಕಾರಿ) ಹೊಲಕ್ಕೆ ಬಂದ ದಿನ ಮನೆಯವರೊಬ್ಬರು ಬದುವಿನ ಮೇಲೆ ನಿಂತಿರಲಿ, ಸರ್ವೆ ನಂಬರು ಬರೆದ ಚೀಟಿ ಕೈಯಲ್ಲಿರಲಿ.