ಕೆಡವಿದ ನಿಲ್ದಾಣವನ್ನು ಅದರ ಜಾಗದಲ್ಲೇ ನೋಡಿದ ನನ್ನ ಅನುಭವ

ಯುದ್ಧದಲ್ಲಿ ಜಖಂಗೊಂಡು ಆಮೇಲೆ ನೆಲಸಮವಾದ ರೈಲು ನಿಲ್ದಾಣವೊಂದನ್ನು ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಮತ್ತೆ ಕಣ್ಣಾರೆ ನೋಡಬಹುದು, ಅದಕ್ಕೆ ಒಂದು ಪಾರದರ್ಶಕ ಹಾಳೆ, ಒಂದು ಕಿಂಡಿ, ಎರಡು ಟ್ರೈಪಾಡ್ ಸಾಕು ಎಂದು ನಾನು ಹೇಳಿದಾಗ ಹುಬ್ಬಳ್ಳಿಯ ಸ್ಟುಡಿಯೋ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸ, ಅದಕ್ಕೆ ಬರ್ಲಿನ್‌ವರೆಗೆ ಯಾಕೆ ಹೋಗುತ್ತೀರಿ?’ ಎಂದರು. ಕಂಪ್ಯೂಟರಿನಲ್ಲಿ ಎರಡು ಚಿತ್ರ ಕೂಡಿಸುವುದು ನನಗೂ ಗೊತ್ತು, ಮದುವೆ ಆಲ್ಬಂಗಳಲ್ಲಿ ದಿನವೂ ಮಾಡುತ್ತೇನೆ. ನನಗೆ ಬೇಕಾಗಿದ್ದದ್ದು ಹಳೆಯ ಛಾಯಾಗ್ರಾಹಕ ಕ್ಯಾಮೆರಾ ಊರಿದ ನೆಲದ ಮೇಲೆ ನಿಂತು ಅವನು ಕಂಡದ್ದನ್ನು ಕಾಣುವುದು. ಅದು ಸಾಧ್ಯವಾಯಿತು. ಹಳೆಯ ಚಿತ್ರದ ಗೆರೆಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ, ಕಿಂಡಿಯಿಂದ ಹಾಳೆಯ ಮೂಲಕ ನೋಡುತ್ತ, ಆ ಗೆರೆಗಳು ಇಂದು ಉಳಿದಿರುವ ಕಟ್ಟಡದ ಭಾಗಕ್ಕೆ ಸರಿಯಾಗಿ ಕೂಡುವಂತೆ ಮಾಡುವುದೇ ನನ್ನ ವಿಧಾನ. ಹೇಗೆ ಎಂಬುದನ್ನು ಬಹುಮಟ್ಟಿಗೆ ಬರೆಯುತ್ತೇನೆ.

ನಿಲ್ದಾಣ ಬರ್ಲಿನ್ನಿನ ಆನ್‌ಹಾಲ್ಟರ್ ಬಾನ್‌ಹೋಫ್. 1841ರಲ್ಲಿ ಶುರುವಾದದ್ದು. ಫ್ರಾಂಟ್ಸ್ ಶ್ವೆಖ್ಟೆನ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ದೊಡ್ಡ ಕಟ್ಟಡ 1880ರಲ್ಲಿ ತೆರೆಯಿತು. ಅದರ ಚಾವಣಿಯ ಉದ್ದ ಸುಮಾರು 170 ಮೀಟರ್, ಅಗಲ 60 ಮೀಟರಿಗೂ ಹೆಚ್ಚು, ನಡುವೆ ಒಂದೂ ಕಂಬವಿರಲಿಲ್ಲ. 1943ರ ನವೆಂಬರಿನ ದಾಳಿಗಳಲ್ಲಿ, ಮತ್ತೆ 1945ರ ಫೆಬ್ರುವರಿ 3ರ ಬಾಂಬಿನ ಮಳೆಯಲ್ಲಿ ಜಖಂಗೊಂಡಿತು. ಯುದ್ಧ ಮುಗಿದ ಮೇಲೂ ಚಾವಣಿಯಿಲ್ಲದೆ ಕೆಲವು ವರ್ಷ ರೈಲು ಓಡಿ, 1952ರಲ್ಲಿ ನಿಂತಿತು. 1960ರ ಆಸುಪಾಸಿನಲ್ಲಿ ಕೆಡವಿದರು. ಈಗ ಉಳಿದಿರುವುದು ಹಳದಿ ಇಟ್ಟಿಗೆಯ ಪ್ರವೇಶದ್ವಾರದ ತುಂಡು ಮಾತ್ರ. ನನ್ನ ವಿಧಾನಕ್ಕೆ ಆ ತುಂಡೇ ಬೇಕಿತ್ತು. ಏನೂ ಉಳಿಯದ ಕಡೆ ಈ ಕೆಲಸ ಆಗುವುದಿಲ್ಲ.

ಮೊದಲ ಪ್ರಯೋಗಗಳು ಊರಲ್ಲೇ ನಡೆದವು. ಹುಬ್ಬಳ್ಳಿ ನಿಲ್ದಾಣದ ಹಳೆಯ ಚಿತ್ರ ಹಿಡಿದು ಎದುರಿನ ಅಂಗಳದಲ್ಲಿ ನಿಂತರೆ ಆಧಾರಕ್ಕೆ ಒಂದು ಗೆರೆಯೂ ಸಿಗಲಿಲ್ಲ, ಕಟ್ಟಡ ಅಷ್ಟು ಬದಲಾಗಿದೆ. ಆಗ ಗದಗದ ಪಕ್ಕದ ಲಕ್ಕುಂಡಿಗೆ ಹೋದೆ. ಅಲ್ಲಿನ ಗುಡಿಗಳನ್ನು 1850ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳು ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಇವೆ. ಗುಡಿ ಇನ್ನೂ ನಿಂತಿರುವುದರಿಂದ ಹಾಳೆಯ ಗೆರೆ ಕಲ್ಲಿಗೆ ಕೂಡುತ್ತದೋ ಇಲ್ಲವೋ ಕೂಡಲೇ ತಿಳಿಯುತ್ತದೆ. ಕಾಶಿ ವಿಶ್ವೇಶ್ವರ ಗುಡಿಯ ಮುಂದೆ ಮೊದಲ ಸಲ ಹಾಳೆ ಹಿಡಿದಾಗ ತಳ ಕೂಡಿದರೆ ಶಿಖರ ಕೂಡದು, ಶಿಖರ ಕೂಡಿದರೆ ತಳ ಸರಿಯುತ್ತಿತ್ತು. ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಹಾಳೆ ಬಾಗಿತು. ಗದಗದ ಗಾಳಿಯಂತೂ ನಿಮಗೆ ಗೊತ್ತೇ ಇದೆ, ಟ್ರೈಪಾಡ್ ಎರಡು ಸಲ ಉರುಳಿತು. ಸಾಮಾನು, ಮುದ್ರಣ, ಬಾಡಿಗೆ ಕಾರು ಸೇರಿ ಲಕ್ಕುಂಡಿಯಲ್ಲೇ ಹದಿನೈದು ಸಾವಿರದಷ್ಟು ಕರಗಿತು. ಮನೆಯಲ್ಲಿ ಲೆಕ್ಕ ಕೇಳಿದರು, ಹೇಳಿದೆ.

ಗೆರೆ ಕೂಡದಿರುವುದಕ್ಕೆ ಕಾರಣ ಹಳೆಯ ಕ್ಯಾಮೆರಾದ ರಚನೆಯಲ್ಲಿತ್ತು. ಆ ಕಾಲದ ಪ್ಲೇಟ್ ಕ್ಯಾಮೆರಾದಲ್ಲಿ ಎತ್ತರದ ಕಟ್ಟಡಕ್ಕಾಗಿ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸದೆ ಲೆನ್ಸನ್ನು ಮಾತ್ರ ಮೇಲೆ ಸರಿಸುತ್ತಿದ್ದರು. ಅದಕ್ಕೇ ಕಂಬಗಳು ನೆಟ್ಟಗೆ ನಿಲ್ಲುತ್ತವೆ. ಹಾಗಾಗಿ ಕಣ್ಣು ಇರಬೇಕಾದದ್ದು ಚಿತ್ರದ ನಡುವಿನ ಎದುರಿಗಲ್ಲ, ತೀರ ಕೆಳಗೆ, ದಿಗಂತದ ಗೆರೆಯ ಮಟ್ಟದಲ್ಲಿ. ಹಾಳೆಯೂ ತೂಗುಗುಂಡು ಹಿಡಿದಂತೆ ನೆಟ್ಟಗಿರಬೇಕು. ಗಾರೆ ಕೆಲಸದವರ ರಸಮಟ್ಟವೊಂದನ್ನು ಚೌಕಟ್ಟಿಗೆ ಅಂಟಿಸಿದ ಮೇಲೆ ಲಕ್ಕುಂಡಿಯ ಶಿಖರ ತಾನಾಗಿ ಕೂಡಿತು. ಎಡಬಲದ ನಡುಬಿಂದುವನ್ನು ಕತ್ತರಿಸಿದ ಪೋಸ್ಟ್‌ಕಾರ್ಡಿನಲ್ಲಿ ಹುಡುಕುವುದಕ್ಕೆ ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನೊಂದು ತೊಡಕು ಕಣ್ಣಿನದು. ಹಾಳೆ ಒಂದು ಮೊಳ ದೂರದಲ್ಲಿ, ಕಟ್ಟಡ ನಲವತ್ತು ಐವತ್ತು ಮೀಟರ್ ಆಚೆ. ಎರಡೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಕರಿಬಣ್ಣ ಹಚ್ಚಿದ ತಗಡಿನಲ್ಲಿ ಸಣ್ಣ ತೂತು ಕೊರೆದು ಒಂದೇ ಕಣ್ಣಿನಿಂದ ನೋಡಿದರೆ ಎರಡೂ ತಿಳಿಯಾಗುತ್ತವೆ. ತೂತು ಎರಡು ಮಿಲಿಮೀಟರಿಗಿಂತ ದೊಡ್ಡದಾದರೆ ಗೆರೆ ಮಬ್ಬು, ಒಂದಕ್ಕಿಂತ ಸಣ್ಣದಾದರೆ ಕತ್ತಲೆ. ಇಡೀ ಚಿತ್ರವನ್ನು ಹಾಳೆಯ ಮೇಲೆ ಮುದ್ರಿಸುವುದೂ ಕೆಲಸಕ್ಕೆ ಬರಲಿಲ್ಲ, ಹಿಂದಿನದೆಲ್ಲ ಮುಚ್ಚಿಹೋಗುತ್ತದೆ. ಗೆರೆಗಳನ್ನಷ್ಟೇ ಕೈಯಿಂದ ಎಳೆದು, ಇಂದಿಗೂ ಉಳಿದಿರುವ ಭಾಗವನ್ನು ಖಾಲಿ ಬಿಟ್ಟೆ. ಆ ಖಾಲಿ ಜಾಗದಲ್ಲಿ ನಿಜವಾದ ಇಟ್ಟಿಗೆ ಬಂದು ಕೂಡಬೇಕು.

ಚಿತ್ರದ ಆಯ್ಕೆಯಲ್ಲೂ ಎಚ್ಚರ ಬೇಕು. ಈ ನಿಲ್ದಾಣದ ಚೆಂದದ ಪೋಸ್ಟ್‌ಕಾರ್ಡುಗಳಲ್ಲಿ ಹಲವು ಎದುರಿನ ಕಟ್ಟಡಗಳ ಮೇಲಂತಸ್ತಿನಿಂದ ತೆಗೆದಂಥವು. ಎದುರಿಗೆ ಎಕ್ಸೆಲ್ಸಿಯರ್ ಎಂಬ ಭಾರಿ ಹೋಟೆಲ್ ಇತ್ತು, ಅಲ್ಲಿಂದ ನಿಲ್ದಾಣಕ್ಕೆ ನೆಲದಡಿಯ ಸುರಂಗವೂ ಇತ್ತು. ಆ ಹೋಟೆಲೂ ಈಗ ಇಲ್ಲ. ಗಾಳಿಯಲ್ಲಿ ನಿಲ್ಲಲು ಯಾರಿಗೂ ಆಗದು. ಪರೀಕ್ಷೆ ಸುಲಭ: ಚಿತ್ರದಲ್ಲಿ ಹತ್ತಿರದವರ ತಲೆಯೂ ದೂರದವರ ತಲೆಯೂ ಒಂದೇ ಗೆರೆಯಲ್ಲಿದ್ದರೆ ಕ್ಯಾಮೆರಾ ಆಳೆತ್ತರದಲ್ಲಿತ್ತು ಎಂದರ್ಥ. ಅಂಥ ಒಂದು ಚಿತ್ರ, ಮೊದಲ ಮಹಾಯುದ್ಧಕ್ಕೂ ಮುಂಚಿನದು, ಬಹಳ ಹುಡುಕಿದ ಮೇಲೆ ಸಿಕ್ಕಿತು.

ಹಣದ ವಿಷಯ. ಅಕ್ಕನ ಮಗ ಬರ್ಲಿನ್ನಿನಲ್ಲಿ ಓದುತ್ತಿರುವುದರಿಂದ ವಸತಿಯ ಖರ್ಚು ಉಳಿಯಿತು. ವಿಮಾನಕ್ಕೆ ಅರವತ್ತೈದು ಸಾವಿರದ ಹತ್ತಿರ, ವೀಸಾ, ವಿಮೆ, ಬೆಂಗಳೂರಿನ ಓಡಾಟ ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಸಾವಿರ. ಅಕ್ರಿಲಿಕ್ ಹಾಳೆ ಮತ್ತು ಬಡಗಿಯ ಕೂಲಿ ಮೂರು ಸಾವಿರದೊಳಗೆ. ಇಡೀ ಹಾಳೆ ಪೆಟ್ಟಿಗೆಯಲ್ಲಿ ಹಿಡಿಯದ ಕಾರಣ ನಾಲ್ಕು ತುಂಡು ಮಾಡಿ, ಅಲ್ಲಿ ಜೋಡಿಸುವಂತೆ ಮಾಡಿಸಿದೆ. ಜೋಡಣೆಯ ಗೆರೆ ಕಣ್ಣಿಗೆ ಬೀಳದಂತೆ ಮಾಡಿದ್ದು ಹುಬ್ಬಳ್ಳಿಯ ಆ ಬಡಗಿಯ ಕೈಚಳಕ. ಲಕ್ಕುಂಡಿಯ ಖರ್ಚೂ ಸೇರಿ ಒಟ್ಟು ಒಂದು ಲಕ್ಷದ ಆಸುಪಾಸಿಗೆ ಬಂತು.

ದ್ವಾರದ ಎದುರಿನ ಆಸ್ಕಾನಿಷರ್ ಪ್ಲಾಟ್ಸ್ ಚೌಕದಲ್ಲಿ ಮೊದಲ ದಿನ ಕೆಲಸ ಆಗಲಿಲ್ಲ. ದ್ವಾರದ ಮುಖ ಈಶಾನ್ಯಕ್ಕಿದೆ, ಮಧ್ಯಾಹ್ನ ಸೂರ್ಯ ಅದರ ಬೆನ್ನಿಗೆ ಬಂದು ನಮ್ಮ ಕಣ್ಣಿಗೆ ಹೊಡೆಯುತ್ತಾನೆ, ಹಾಳೆಯ ಮೇಲಿನ ದೂಳೆಲ್ಲ ಮಿನುಗುತ್ತದೆ. ಹಳೆಯ ಚಿತ್ರದಲ್ಲಿ ಮುಖದ ಮೇಲೆ ಬೆಳಕಿದೆ ಎಂದರೆ ಅವನು ಬೆಳಿಗ್ಗೆ ಬಂದಿದ್ದ. ನಾವೂ ಬೆಳಿಗ್ಗೆ ಹೋದೆವು.

ನೆಲ ಹುಡುಕುವುದೇ ಮುಖ್ಯ ಕೆಲಸ. ಜಾಗ ಬೇರೆ, ಅಳತೆ ಬೇರೆ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದವರು ಸೋಲುತ್ತಾರೆ. ಮೊದಲು ಹಾಳೆಯನ್ನು ಮರೆತು, ದ್ವಾರದ ಮುಂದಿನ ಕಮಾನಿನ ಅಂಚು ಹಿಂದಿನ ಗೋಡೆಯ ಅಂಚನ್ನು ಎಲ್ಲಿ ಮರೆಮಾಡುತ್ತದೆ ಎಂಬುದೊಂದನ್ನೇ ಚಿತ್ರಕ್ಕೆ ಹೋಲಿಸಿ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಸರಿಯಬೇಕು. ಜಾಗ ಸಿಕ್ಕ ಮೇಲೆ ಕಿಂಡಿಗೂ ಹಾಳೆಗೂ ನಡುವಿನ ದೂರವನ್ನು ಹೆಚ್ಚು ಕಡಿಮೆ ಮಾಡಿ ಅಳತೆ ಕೂಡಿಸಬೇಕು. ಅಕ್ಕನ ಮಗ ಚೌಕಟ್ಟು ಹಿಡಿದು ಬೆರಳಗಲ ಬೆರಳಗಲ ಸರಿಸಿದ. ಇಟ್ಟಿಗೆ ಬಂದು ಖಾಲಿ ಜಾಗದಲ್ಲಿ ಕೂತಿತು. ಅದರ ಎರಡೂ ಪಕ್ಕಕ್ಕೆ ಗೋಡೆಗಳು ಚಾಚಿಕೊಂಡವು, ಹಿಂದೆ ಚಾವಣಿಯ ದೊಡ್ಡ ಕಮಾನು ಆಕಾಶದ ಮೇಲೆ ನಿಂತಿತು. ನಾನು ಕೂಗಿಬಿಟ್ಟೆ. ‘ಮಾಮಾ, ನನಗೂ ತೋರಿಸಿ’ ಎಂದು ಅವನು ಚೌಕಟ್ಟು ಬಿಡಲು ಹೋದ, ನಾನು ಬಿಡಗೊಡಲಿಲ್ಲ.

ಆಮೇಲೆ ಹಿಂದಿನ ಮೈದಾನಕ್ಕೆ ಆಡಲು ಬಂದ ಹುಡುಗರು ಸಾಲು ನಿಂತು ಕಿಂಡಿಯಲ್ಲಿ ನೋಡಿದರು. ಪ್ಲಾಟ್‌ಫಾರಂ ಇದ್ದ ಕಡೆ ಈಗ ಆಟದ ಮೈದಾನವಿದೆ, ಅದಕ್ಕೆ ಲಿಲ್ಲಿ ಹೆನೋಖ್ ಅವರ ಹೆಸರಿಟ್ಟಿದ್ದಾರೆ. ವಿಶ್ವದಾಖಲೆ ಮಾಡಿದ್ದ ಯಹೂದಿ ಕ್ರೀಡಾಪಟು, 1942ರಲ್ಲಿ ನಾಜಿಗಳು ಕೊಂದರು. ಆ ವರ್ಷದ ಜೂನಿನಿಂದ ಯುದ್ಧದ ಕೊನೆಯ ವಾರಗಳವರೆಗೆ ಈ ನಿಲ್ದಾಣದಿಂದ 9,600ಕ್ಕೂ ಹೆಚ್ಚು ಯಹೂದಿಗಳನ್ನು, ಬಹುಪಾಲು ವೃದ್ಧರನ್ನು, ಟೆರೇಜಿಯೆನ್‌ಸ್ಟಾಟ್ ಎಂಬ ನಾಜಿ ಬಂದಿಶಿಬಿರಕ್ಕೆ ಸಾಗಿಸಿದರು. ಅದಕ್ಕೆ ಪ್ರತ್ಯೇಕ ರೈಲು ಇರಲಿಲ್ಲ, ಐವತ್ತು ನೂರು ಜನರನ್ನು ನಿತ್ಯದ ಪ್ರಯಾಣಿಕರ ರೈಲಿಗೆ ಜೋಡಿಸಿದ ಡಬ್ಬಿಗಳಲ್ಲಿ ಕೂರಿಸುತ್ತಿದ್ದರು. ಇದನ್ನು ಓದಿದ್ದೆ. ಆದರೆ ಅವರು ದಾಟಿ ಹೋದ ಬಾಗಿಲು ಪೂರ್ತಿ ಕಟ್ಟಡದೊಂದಿಗೆ ಎದುರು ನಿಂತಾಗ ಅದರ ಭಾರ ಬೇರೆಯೇ ಆಗಿತ್ತು. ನನ್ನ ಹಳೆಯ ಚಿತ್ರದಲ್ಲಿ ಇರುವವರು ಅದಕ್ಕಿಂತ ಮೂವತ್ತು ವರ್ಷ ಹಿಂದಿನ ಜನ, ಟೋಪಿ ಹಾಕಿಕೊಂಡು ಗಾಡಿ ಕಾಯುತ್ತಿರುವವರು. ಅವರನ್ನು ಗೆರೆಯಲ್ಲಿ ಎಳೆಯದೆ ಬಿಟ್ಟಿದ್ದೆ, ಬಿಟ್ಟದ್ದೇ ಸರಿಯಾಯಿತು.

ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆವು. ದ್ವಾರದಿಂದ ಹಿಂದಕ್ಕೆ 170 ಮೀಟರ್ ಹೆಜ್ಜೆ ಹಾಕಿ ಚಾವಣಿ ಮುಗಿದ ಜಾಗ ಗುರುತಿಸಿದೆವು. ನಮ್ಮ ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರಂ ನಡೆದು ರೂಢಿಯಿದ್ದ ಕಾಲಿಗೆ ಅದು ಚಿಕ್ಕದೆನಿಸಿತು, ಆದರೆ ಆ ಅಗಲವನ್ನು ಒಂದೇ ಕಮಾನಿನಲ್ಲಿ ಮುಚ್ಚಿದ್ದನ್ನು ನೆನೆದರೆ ಎಂಜಿನಿಯರ್ ಹೈನ್ರಿಖ್ ಸೈಡೆಲ್ ಅವರಿಗೆ ಕೈ ಮುಗಿಯಬೇಕು. ದ್ವಾರದ ನೆತ್ತಿಯ ಮೇಲಿರುವ ಹಗಲು ಮತ್ತು ರಾತ್ರಿ ಎಂಬ ಎರಡು ಮೂರ್ತಿಗಳು ಪ್ರತಿಕೃತಿಗಳು. ಮೂಲ ಮೂರ್ತಿಗಳು ಹತ್ತಿರದ ತಂತ್ರಜ್ಞಾನ ವಸ್ತುಸಂಗ್ರಹಾಲಯದಲ್ಲಿವೆ. ದ್ವಾರದ ಮೇಲಿನ ಮೂರ್ತಿಗಳನ್ನು ಕೆಳಗಿನಿಂದ ಅಳೆದು ನನ್ನ ಹಾಳೆಯ ಅಳತೆ ಪರೀಕ್ಷಿಸಿದೆ, ವ್ಯತ್ಯಾಸ ಒಂದು ಗೇಣಿಗಿಂತ ಕಡಿಮೆ ಬಂತು.

ಕಿಂಡಿಯ ಜಾಗದಲ್ಲಿ ಕ್ಯಾಮೆರಾ ಇಟ್ಟು ಫೋಟೋ ತೆಗೆಯುವವರು ಲೆನ್ಸಿನೊಳಗೆ ಬೆಳಕು ಬಿಡುವ ದ್ವಾರರಂಧ್ರವನ್ನು (ಅಪರ್ಚರ್) f/16ಕ್ಕಿಂತ ಕಿರಿದು ಮಾಡಬೇಕು, ತೆಳುಮೋಡದ ದಿನ ಆಯ್ದುಕೊಳ್ಳಬೇಕು. ನನ್ನ ಮುಂದಿನ ಯೋಜನೆ ಧನುಷ್ಕೋಡಿ. 1964ರ ಚಂಡಮಾರುತದಲ್ಲಿ ನಾಶವಾದ ಆ ನಿಲ್ದಾಣದ ಗೋಡೆಗಳು ಅಲ್ಪಸ್ವಲ್ಪ ಉಳಿದಿವೆ. ಅಲ್ಲಿ ಮರಳು, ಉಪ್ಪುಗಾಳಿ, ಟ್ರೈಪಾಡ್ ಕಾಲಿಗೆ ಅಗಲವಾದ ಹಲಗೆ ಬೇಕು. ಬಡಗಿಗೆ ಹೇಳಿಟ್ಟಿದ್ದೇನೆ, ಈ ಸಲ ಚೌಕಟ್ಟು ಸಾಗುವಾನಿಯದು.