ಬೇಳೆ ಡಬ್ಬಿಯೊಳಗಿನ ಅರ್ಥಶಾಸ್ತ್ರ

ಬೇಡಿಕೆ, ಪೂರೈಕೆ ಎಂಬ ಮಾತುಗಳು ಪಠ್ಯಪುಸ್ತಕದಲ್ಲಿ ಎಷ್ಟೇ ಗಂಭೀರವಾಗಿ ಕಂಡರೂ, ಮನೆ ನಡೆಸುವವರಿಗೆ ಅವು ಎದುರಾಗುವುದು ತರಕಾರಿ ಸಂತೆಯಲ್ಲೇ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದ್ದು, ತಿನ್ನುವವರು ಹೆಚ್ಚಿದ್ದರಿಂದಲ್ಲ, ಫಸಲು ಕಡಿಮೆಯಾಗಿದ್ದರಿಂದ. ಅಂಥ ದಿನಗಳಲ್ಲಿ ಹುಣಸೆಹುಳಿ ಹಾಕಿ ಸಾರು ಮಾಡಿ, ಇಲ್ಲವೇ ಮಜ್ಜಿಗೆಹುಳಿಗೆ ಹೊರಳಿಕೊಳ್ಳಿ. ಏರಿದ ಬೆಲೆ ಕಂಡು ರೈತರು ಹೆಚ್ಚು ನೆಡುತ್ತಾರೆ, ಕೆಲವೇ ತಿಂಗಳಲ್ಲಿ ಬೆಲೆ ಇಳಿಯುತ್ತದೆ. ಆ ವರ್ಷವೂ ಸೆಪ್ಟೆಂಬರ್ ಹೊತ್ತಿಗೆ ಅದು ಕುಸಿದೇಹೋಯಿತು, ಬೆಳೆದವರ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೆಡದ ಸಾಮಾನಿನ ಲೆಕ್ಕ ಬೇರೆ. ಕಲಬುರಗಿ ಕಡೆಯ ತೊಗರಿ ಡಿಸೆಂಬರ್, ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ, ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿಯೂ ಅದರ ಬೆನ್ನಿಗೇ ಇದೆ. ಆಗ ಕೊಂಡ ಬೇಳೆಯನ್ನು ಎರಡು ದಿನ ಬಿಸಿಲಿಗೆ ಹರವಿ, ಆರಿದ ಮೇಲೆ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆಯನ್ನು ಅಂಗೈಯಿಂದ ಸವರಿ ಡಬ್ಬಿಗೆ ತುಂಬಿದರೆ ಹುಳು ಬೀಳುವುದು ಕಡಿಮೆ.

ಆದರೆ ಕೊಳ್ಳುವ ಮೊದಲು, ಇದೇ ಹಣ ಬೇರೆಲ್ಲಿ ಉಪಯೋಗಕ್ಕೆ ಬರುತ್ತಿತ್ತು ಎಂದು ಕೇಳಿಕೊಳ್ಳಿ. ಅರ್ಥಶಾಸ್ತ್ರದವರು ಇದನ್ನೇ ಅವಕಾಶ ವೆಚ್ಚ ಎನ್ನುತ್ತಾರೆ. ಹತ್ತು ಕಿಲೋ ಬೇಳೆಯನ್ನು 1,500 ರೂಪಾಯಿಗೆ ಕೊಂಡು ಕಿಲೋಗೆ 20 ರೂಪಾಯಿ ಉಳಿಸಿದಿರಿ ಎನ್ನೋಣ, ಉಳಿದದ್ದು 200. ಕೊಳ್ಳಲು ಕೊಟ್ಟ ಆ 1,500 ರೂಪಾಯಿ ತಿಂಗಳಿಗೆ ನೂರಕ್ಕೆ 3ರ ಬಡ್ಡಿಯ ಕ್ರೆಡಿಟ್ ಕಾರ್ಡಿನದಾಗಿದ್ದು, ಐದು ತಿಂಗಳು ತೀರಿಸದೆ ಹೋದರೆ ಬಡ್ಡಿಯೇ 225 ರೂಪಾಯಿ ದಾಟುತ್ತದೆ. ಹಾಗಾಗಿ ಕೈಯಲ್ಲಿರುವ ಹಣದಲ್ಲಷ್ಟೇ ದಾಸ್ತಾನು ಮಾಡಿ.

ಹೊಸ ಸಂಸಾರದ ದಿನಗಳಲ್ಲಿ ನಾನು ಅಗ್ಗವೆಂದು ವರ್ಷಕ್ಕಾಗುವಷ್ಟು ಹೆಸರುಬೇಳೆ ತಂದಿದ್ದೆ. ಮಳೆಗಾಲದಲ್ಲಿ ಡಬ್ಬಿ ತೆರೆದರೆ ಮುಗ್ಗಲು ವಾಸನೆ. ದುಡ್ಡು ಕೊಟ್ಟಿದ್ದೇವಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ತೊಳೆದು, ಹುರಿದು, ವಾರಗಟ್ಟಲೆ ಬೇಯಿಸಿದೆ. ಗ್ಯಾಸೂ ಹೋಯಿತು, ಮನೆಯವರು ಮುಟ್ಟದ ಪಾಯಸವೂ ಚೆಲ್ಲಿತು. ಕೊಟ್ಟ ದುಡ್ಡು, ಬೇಳೆ ಬೇಯಿಸಿದರೂ ಬರುತ್ತಿರಲಿಲ್ಲ, ಬಿಸಾಡಿದರೂ ಬರುತ್ತಿರಲಿಲ್ಲ. ಈಗ ಮೂರು ತಿಂಗಳಿಗೆ ಬೇಕಾದಷ್ಟನ್ನೇ ತಂದು, ಕೊಂಡ ತಾರೀಕು ಬರೆದ ಚೀಟಿಯನ್ನು ಡಬ್ಬಿಯ ಮುಚ್ಚಳಕ್ಕೆ ಅಂಟಿಸುತ್ತೇನೆ.